ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬಸ್ಸಲ್ಲಿ ಕಳೆದ ದಿನದ ಕೂಲಿ ಯಾರು ಕೊಡ್ತಾರೆ?

1/10

"ಬ್ರೋ, ಹುಬ್ಬಳ್ಳೀಲಿ ಎರಡು ದಿನದ ಕಬಡ್ಡಿ ಟೂರ್ನಮೆಂಟ್ ಇದೆ. ಎಲ್ಲಾ ಸೇರಿ ಎಷ್ಟಾಗುತ್ತೆ?"

ಕ್ರೀಡಾ ಫೋಟೋಗ್ರಫಿ ಮಾಡೋ ಪ್ರತಿಯೊಬ್ಬರ ಇನ್‌ಬಾಕ್ಸಿನಲ್ಲೂ ಇಂಥದ್ದೊಂದು ಮೆಸೇಜು ಇದ್ದೇ ಇರುತ್ತೆ. ಊರು ಬದಲಾಗಬಹುದು, ಆಟ ಬದಲಾಗಬಹುದು. "ಎಲ್ಲಾ ಸೇರಿ" ಅನ್ನೋ ಎರಡು ಪದ ಮಾತ್ರ ಬದಲಾಗಲ್ಲ. ನಾವೂ ಕೆಲಸ ಕೈತಪ್ಪೀತು ಅನ್ನೋ ಭಯದಲ್ಲಿ ಎರಡೇ ನಿಮಿಷಕ್ಕೆ ಒಂದು ಮೊತ್ತ ಟೈಪ್ ಮಾಡಿ ಕಳಿಸ್ತೀವಿ. ಆ ಕಡೆಯಿಂದ ಹೆಬ್ಬೆರಳು ಬರುತ್ತೆ. ಖುಷಿ ಆಗುತ್ತೆ.

ಆ ಒಂದು ಮೊತ್ತದೊಳಗೆ ಏನೇನು ಸೇರಿಕೊಂಡಿದೆ ಅಂತ ಯಾರೂ ಕೇಳಲ್ಲ. ಬಸ್ ಚಾರ್ಜು, ಲಾಡ್ಜು, ಊಟ, ಆಟೋ, ಬಾಡಿಗೆ ಲೆನ್ಸು, ಹೋಗೋ ದಿನ, ಬರೋ ದಿನ, ಎಡಿಟಿಂಗ್ ದಿನ. ಇವೆಲ್ಲ ನಮ್ಮ ಭಾಷೆಯ ಗಾದೆಯ ಹಾಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಈ ಸರಣಿಯಲ್ಲಿ ನಾನು ಹೇಳೋದು ಇಷ್ಟೇ: "ಎಲ್ಲಾ ಸೇರಿ" ಅಂತ ಕೇಳಿದವರಿಗೆ ಎಲ್ಲಾ ಬಿಡಿಸಿ ಉತ್ತರ ಕೊಡಿ. ಪಂದ್ಯದ ದಿನದ ಕೂಲಿ ಬೇರೆ, ಪ್ರಯಾಣದ ದಿನದ ಕೂಲಿ ಬೇರೆ, ಖರ್ಚು ಬೇರೆ, ಫೋಟೋ ಬಳಸೋ ಹಕ್ಕು ಬೇರೆ. ಈ ನಾಲ್ಕನ್ನೂ ಒಂದೇ ಪಾತ್ರೆಗೆ ಸುರಿದರೆ ಕಡೆಗೆ ತಳ ಸೀಯೋದು ನಮ್ಮದೇ.

ಇದು ಬರೀ ದುಡ್ಡಿನ ವಿಷಯ ಅಂದುಕೊಳ್ಳಬೇಡಿ. ಮೈದಾನದ ಗೆರೆ ಪಕ್ಕ ಕ್ಯಾಮರಾ ಹಿಡಿದು ಯಾರು ಕೂರಬಹುದು, ಯಾರು ಕೂರೋಕಾಗಲ್ಲ ಅನ್ನೋದನ್ನ ತೀರ್ಮಾನ ಮಾಡೋದೂ ಇದೇ ಲೆಕ್ಕ. ಅದು ಹೇಗೆ ಅಂತ 7ನೇ ಕಂತಿನಲ್ಲಿ ಬರುತ್ತೆ. ಮೊದಲು ಅಂಕಿ ನೋಡೋಣ.

2/10

ಅದೇ ಹುಬ್ಬಳ್ಳಿ ಕೆಲಸ ತಗೊಳ್ಳಿ. ಬೆಂಗಳೂರಿಂದ ಸುಮಾರು 410 ಕಿಲೋಮೀಟರ್. ಶನಿವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಪಂದ್ಯ. ಹಾಗಾಗಿ ಶುಕ್ರವಾರವೇ ಹೊರಡಬೇಕು. ಶನಿವಾರ, ಭಾನುವಾರ ಪಂದ್ಯ. ಭಾನುವಾರ ರಾತ್ರಿ ಬಸ್ಸು. ಸೋಮವಾರ ಬೆಳಿಗ್ಗೆ ಬಂದು ಬಾಡಿಗೆ ಲೆನ್ಸ್ ವಾಪಸ್ ಕೊಡಬೇಕು. ಆಮೇಲೆ ಎಂಟು ಸಾವಿರ ಫೋಟೋ ಆರಿಸಿ ತಿದ್ದೋದಕ್ಕೆ ಮಂಗಳವಾರವೂ ಹೋಗುತ್ತೆ.

ಆಯೋಜಕರ ಲೆಕ್ಕದಲ್ಲಿ ಇದು ಎರಡು ದಿನ. ನಿಮ್ಮ ಕ್ಯಾಲೆಂಡರಿನಲ್ಲಿ ಐದು ದಿನ.

ಈಗ "ಎಲ್ಲಾ ಸೇರಿ 20,000" ಅಂದಿರಿ ಅಂತಿಟ್ಕೊಳ್ಳಿ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿಕೊಂಡು ಕೂಡಿ:

ಬಸ್ಸು, ಹೋಗಿ ಬರೋಕೆ: 2,200
ಲಾಡ್ಜು, ಎರಡು ರಾತ್ರಿ: 2,800
ಊಟ, ಆಟೋ: 1,800
ಲೆನ್ಸ್ ಬಾಡಿಗೆ, ದಿನಕ್ಕೆ 1,200ರಂತೆ ನಾಲ್ಕು ದಿನ: 4,800
ಒಟ್ಟು: 11,600

ಉಳಿದದ್ದು 8,400. ಐದು ದಿನಕ್ಕೆ ಹಂಚಿದರೆ ದಿನಕ್ಕೆ 1,680. ಇನ್ನೂ ಕ್ಯಾಮರಾ ಸವೆತ, ಹಾರ್ಡ್ ಡಿಸ್ಕು, ಸಾಫ್ಟ್‌ವೇರ್ ಚಂದಾ, ಮನೆ ಕರೆಂಟ್ ಬಿಲ್ಲು ಇದರಲ್ಲಿ ಬಂದಿಲ್ಲ.

ಬ್ಯಾಂಕಿಗೆ 20,000 ಬಂದಾಗ ಮೊಬೈಲಿನಲ್ಲಿ ಬರೋ ಮೆಸೇಜು ದೊಡ್ಡದಾಗಿಯೇ ಕಾಣುತ್ತೆ. ಮೋಸ ಇರೋದು ಅಲ್ಲೇ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದಲ್ಲ. ಬಸ್ಸಿನವರದ್ದು, ಲಾಡ್ಜಿನವರದ್ದು, ಲೆನ್ಸ್ ಅಂಗಡಿಯವರದ್ದು. ನೀವು ಅವರಿಗೆ ತಲುಪಿಸೋ ಮಧ್ಯವರ್ತಿ ಅಷ್ಟೆ. ಅದೂ ಮುಂಗಡ ನಿಮ್ಮ ಜೇಬಿಂದ ಹಾಕಿ.

3/10

"ಪ್ರಯಾಣಕ್ಕೂ ಕೂಲಿನಾ? ಬಸ್ಸಲ್ಲಿ ಕೂತು ಹೋಗೋದು ತಾನೇ?"

ಈ ಪ್ರಶ್ನೆ ಬಂದೇ ಬರುತ್ತೆ. ಸಿಟ್ಟು ಮಾಡ್ಕೋಬೇಡಿ, ಕೇಳೋರಿಗೆ ನಿಜವಾಗಿಯೂ ಗೊತ್ತಿರಲ್ಲ. ಉತ್ತರ ಮಾತ್ರ ಗಟ್ಟಿಯಾಗಿರಲಿ: ಶುಕ್ರವಾರ ನಾನು ಬಸ್ಸಲ್ಲಿ ಕೂತಿದ್ದರೆ ಬೆಂಗಳೂರಲ್ಲಿ ಇನ್ನೊಂದು ಕೆಲಸ ಮಾಡೋಕಾಗಲ್ಲ. ಆ ದಿನ ನಿಮಗೆ ಮಾರಾಟವಾಗಿದೆ. ಮಾರಾಟವಾದ ವಸ್ತುವಿಗೆ ಬೆಲೆ ಇರಬೇಕು.

ಅದೇ ಮೈದಾನದಲ್ಲಿ ಸುತ್ತ ನೋಡಿ. ಶಾಮಿಯಾನದವರು ಲಾರಿ ಬಾಡಿಗೆ ಬೇರೆ ಬರೀತಾರೆ. ಮೈಕ್ ಸೆಟ್‌ನವರು ಜನರೇಟರಿನ ಡೀಸೆಲ್ ಬೇರೆ ಬರೀತಾರೆ. ಅಡುಗೆ ಭಟ್ಟರು ಹಿಂದಿನ ರಾತ್ರಿ ತರಕಾರಿ ಹೆಚ್ಚೋಕೆ ಬರೋ ಆಳುಗಳ ಕೂಲಿ ಸೇರಿಸಿಯೇ ರೇಟು ಹೇಳ್ತಾರೆ. ಸರ್ಕಾರಿ ನೌಕರರು ಇನ್ನೊಂದು ಜಿಲ್ಲೆಗೆ ಕೆಲಸದ ಮೇಲೆ ಹೋದರೆ ಟಿಎ, ಡಿಎ ಬರೆದುಕೊಳ್ತಾರೆ, ಆ ದಿನದ ಸಂಬಳವೂ ಕಟ್ ಆಗಲ್ಲ. ಇದನ್ನ ಯಾರೂ ದುರಾಸೆ ಅನ್ನಲ್ಲ. ಫೋಟೋದವರು ಕೇಳಿದಾಗ ಮಾತ್ರ "ಪ್ಯಾಶನ್ ಇರೋರಿಗೆ ದುಡ್ಡಿನ ಯೋಚನೆ ಯಾಕೆ" ಅನ್ನೋ ಮಾತು ಬರುತ್ತೆ.

ಎಷ್ಟು ಕೇಳಬೇಕು? ನಾನು ಪಾಲಿಸೋ ನಿಯಮ ಹೇಳ್ತೀನಿ. ಒಂದು ಕಡೆ ಪ್ರಯಾಣ ಎರಡು ಗಂಟೆ ಒಳಗಿದ್ದರೆ ಪ್ರಯಾಣದ ಕೂಲಿ ಇಲ್ಲ, ಖರ್ಚು ಮಾತ್ರ. ಅದಕ್ಕಿಂತ ಹೆಚ್ಚಾಗಿ, ಹಿಂದಿನ ದಿನವೇ ಹೊರಡಬೇಕಾಗಿ ಬಂದರೆ ಅಥವಾ ಮರುದಿನ ಹಾಳಾಗೋದಾದರೆ, ಆ ಪ್ರತಿ ದಿನಕ್ಕೂ ಪಂದ್ಯದ ದಿನದ ಕೂಲಿಯ ಅರ್ಧ. ಪೂರ್ತಿ ಯಾಕಲ್ಲ ಅಂದ್ರೆ, ಆ ದಿನ ಕಣ್ಣು, ಕೈ, ಶಟರ್ ದುಡಿಯಲ್ಲ. ಸೊನ್ನೆ ಯಾಕಲ್ಲ ಅಂದ್ರೆ, ದಿನ ದುಡಿಯುತ್ತೆ.

"ರಾತ್ರಿ ಬಸ್ಸಿಗೆ ಬನ್ನಿ, ದಿನ ಉಳಿಯುತ್ತೆ" ಅಂತಾರಲ್ಲ, ಆ ದಿನ ಉಳಿಯೋದು ಅವರಿಗೆ. ನಿದ್ದೆಗೆಟ್ಟು ಬೆಳಿಗ್ಗೆ ಎಂಟಕ್ಕೆ ಮ್ಯಾಟ್ ಪಕ್ಕ ಕೂತರೆ ರೈಡರ್ ನೆಗೆಯೋ ಆ ಅರೆಕ್ಷಣ ತಪ್ಪುತ್ತೆ. ಒಂದು ರೈಡ್ ಅಂದ್ರೆ ಬರೀ 30 ಸೆಕೆಂಡು. ಅದಕ್ಕೆ ರೀಟೇಕ್ ಇಲ್ಲ.

4/10

ಪಂದ್ಯದ ದಿನದ ಕೂಲಿಯನ್ನ ಹೇಗೆ ಕಂಡುಹಿಡಿಯೋದು? "ಅವನು 5,000ಕ್ಕೆ ಮಾಡ್ತಾನೆ, ನಾನು 4,500 ಹೇಳ್ತೀನಿ" ಅನ್ನೋದು ಲೆಕ್ಕ ಅಲ್ಲ, ಹರಾಜು. ಅದೂ ಕೆಳಮುಖ ಹರಾಜು.

ಒಂದು ಹಾಳೆ ತಗೊಳ್ಳಿ. ವರ್ಷದ ಖರ್ಚು ಬರೀರಿ. ಇದೂ ಉದಾಹರಣೆಯೇ:

ಮನೆ ಖರ್ಚು, ತಿಂಗಳಿಗೆ 25,000: ವರ್ಷಕ್ಕೆ 3,00,000
6 ಲಕ್ಷದ ಕ್ಯಾಮರಾ, ಲೆನ್ಸು, ಲ್ಯಾಪ್‌ಟಾಪು ಐದು ವರ್ಷ ಬಾಳಿದರೆ: ವರ್ಷಕ್ಕೆ 1,20,000
ಇನ್ಶೂರೆನ್ಸು, ಇಂಟರ್ನೆಟ್ಟು, ಸಾಫ್ಟ್‌ವೇರು, ಹಾರ್ಡ್ ಡಿಸ್ಕು, ರಿಪೇರಿ: 60,000
ಒಟ್ಟು: 4,80,000

ಈಗ ಮಾರೋಕೆ ಎಷ್ಟು ದಿನ ಇದೆ ನೋಡಿ. 365 ಅಲ್ಲ. ಹೆಚ್ಚಿನ ಟೂರ್ನಮೆಂಟ್ ನಡೆಯೋದು ವಾರಾಂತ್ಯದಲ್ಲಿ. ವರ್ಷಕ್ಕೆ 52 ವಾರಾಂತ್ಯ. ಜೋರು ಮಳೆ, ಪರೀಕ್ಷೆ ಕಾಲ, ಹಬ್ಬ ಎಲ್ಲ ಕಳೆದು 40 ವಾರಾಂತ್ಯ ಸಿಕ್ಕರೆ ಪುಣ್ಯ. ಅಂದ್ರೆ 80 ದಿನ. 4,80,000 ಭಾಗಿಸು 80, ದಿನಕ್ಕೆ 6,000.

ಗಮನಿಸಿ, ಇದು ನಿಮ್ಮ ರೇಟ್ ಅಲ್ಲ. ಇದು ನೆಲ. ಇದಕ್ಕಿಂತ ಕೆಳಗೆ ಹೋದರೆ ನೀವು ಕೆಲಸ ಮಾಡ್ತಿಲ್ಲ, ಆಯೋಜಕರಿಗೆ ದೇಣಿಗೆ ಕೊಡ್ತಿದ್ದೀರಿ. ಉಳಿತಾಯ, ಹುಷಾರಿಲ್ಲದ ದಿನ, ಕೆಲಸ ಸಿಗದ ತಿಂಗಳು ಎಲ್ಲ ಇದರ ಮೇಲೆ ಬರಬೇಕು. ಹಾಗಾಗಿ 8,000 ಅನ್ನೋದು ಅಹಂಕಾರ ಅಲ್ಲ.

ಈಗ 2ನೇ ಕಂತಿಗೆ ವಾಪಸ್ ಹೋಗಿ. ಖರ್ಚು ಕಳೆದು ಉಳಿದ 8,400, ಎರಡು ಪಂದ್ಯದ ದಿನಕ್ಕೆ 4,200. ನೆಲಕ್ಕಿಂತ 1,800 ಕೆಳಗೆ.

ಸವೆತ ಅಂದರೆ ಕಥೆ ಅಂದುಕೊಳ್ಳೋರಿಗೆ ಒಂದು ಮಾತು. ನಿಕಾನ್ ಡಿ500 ಕ್ಯಾಮರಾದ ಶಟರನ್ನ ಕಂಪನಿ ಪರೀಕ್ಷೆ ಮಾಡಿರೋದು 2 ಲಕ್ಷ ಕ್ಲಿಕ್ಕಿಗೆ. ದಿನಕ್ಕೆ 4,000 ಕ್ಲಿಕ್ ಆದರೆ 50 ಪಂದ್ಯದ ದಿನ. ಮದುವೆ ಫೋಟೋದವರಿಗೆ ವರ್ಷಗಟ್ಟಲೆ ಬರೋ ಶಟರು ನಮಗೆ ಒಂದು ಸೀಸನ್ನಿಗೇ ಆ ಗಡಿ ಮುಟ್ಟಬಹುದು.

5/10

ಖರ್ಚನ್ನ ಒಂದು ಅಂದಾಜು ಮೊತ್ತ ಅಂತ ಹಿಡಿಯೋದಾ, ಬಿಲ್ ಪ್ರಕಾರ ತಗೊಳ್ಳೋದಾ? ನನ್ನ ಪ್ರಕಾರ ಟಿಕೆಟ್ಟು, ರೂಮು ಬಿಲ್ ಪ್ರಕಾರ. ಊಟಕ್ಕೆ, ಸಣ್ಣ ಓಡಾಟಕ್ಕೆ ದಿನಕ್ಕಿಷ್ಟು ಅಂತ ನಿಗದಿ. ಇಡ್ಲಿ, ಕಾಫಿ ಬಿಲ್ ಜೋಡಿಸಿಕೊಂಡು ಕೂರೋದು ಇಬ್ಬರಿಗೂ ತಲೆನೋವು.

ಟಿಕೆಟ್ಟು, ರೂಮು ಯಾಕೆ ಬಿಲ್ ಪ್ರಕಾರ ಅಂದ್ರೆ, ನಮ್ಮ ರಾಜ್ಯದ ಆಟಗಳು ನಡೆಯೋ ಕಾಲ ಹಾಗಿದೆ. ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ್ದು, ಪ್ರತಿ ವರ್ಷ ಒಂದೊಂದು ಕುಟುಂಬದ ಆತಿಥ್ಯ. ಈಚಿನ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ತಂಡಗಳು ಆಡಿವೆ. ಬೇಸಿಗೆಯಲ್ಲಿ ವಾರಗಟ್ಟಲೆ ನಡೆಯುತ್ತೆ. ಅದೇ ಸಮಯಕ್ಕೆ ಬೆಂಗಳೂರಿಗರೆಲ್ಲ ರಜೆ ಅಂತ ಕೊಡಗಿಗೆ ಬಂದಿರ್ತಾರೆ. ಜುಲೈನಲ್ಲಿ ಸಿಕ್ಕ ರೂಮಿನ ದರ ಏಪ್ರಿಲ್ ಕೊನೆಗೆ ಸಿಗಲ್ಲ. ಹಳೆ ಅಂದಾಜಿನ ಮೇಲೆ ಮೊತ್ತ ಒಪ್ಪಿಕೊಂಡರೆ ವ್ಯತ್ಯಾಸ ತುಂಬೋರು ನೀವೇ.

ಇನ್ನು ಕಂಬಳ. ಸೀಸನ್ ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್ ತನಕ. ಬೆಂಗಳೂರಿಂದ ಕರಾವಳಿಗೆ ಸುಮಾರು 350 ಕಿಲೋಮೀಟರ್. "ಒಂದು ದಿನದ ಕೆಲಸ" ಅಂತ ಕರೀತಾರೆ. ಕಂಬಳ ನೋಡಿದವರಿಗೆ ಗೊತ್ತು, ಹಗಲು ಶುರುವಾಗಿದ್ದು ರಾತ್ರಿಯಿಡೀ ಓಡಿ ಮರುದಿನ ಮುಗಿಯುತ್ತೆ. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗದ ಮೇಲೆ ವಿಭಾಗ. ಮುಖ್ಯವಾದ ಫೈನಲ್ ಓಟ ಬರೋ ಹೊತ್ತಿಗೆ ಬೆಳಕು ಹರಿದಿರುತ್ತೆ. ಲೆನ್ಸಿಗೆ ಕೆಸರು ನೀರು, ಒರೆಸೋಕೆ ಒಣ ಬಟ್ಟೆಯೂ ಉಳಿದಿರಲ್ಲ.

ಅದಕ್ಕೇ ಕೊಟೇಶನ್ನಿನಲ್ಲಿ "ಒಂದು ದಿನ ಅಂದರೆ 10 ಗಂಟೆ" ಅಂತ ಬರೀರಿ. ಅದರಾಚೆ ಪ್ರತಿ ಗಂಟೆಗೆ ಇಷ್ಟು ಅಂತಲೂ ಬರೀರಿ. ಈ ಒಂದು ಸಾಲು ಇಲ್ಲದಿದ್ದರೆ ಇಪ್ಪತ್ತನಾಲ್ಕು ಗಂಟೆ ದುಡಿದು ಒಂದು ದಿನದ ಕೂಲಿ ತಗೊಂಡು ಬರ್ತೀರಿ.

6/10

ಈ ಕಂತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳ್ತೀನಿ.

ಆಯೋಜಕರ ಹತ್ತಿರ ಪ್ರಯಾಣಕ್ಕೆ ದುಡ್ಡಿಲ್ಲ ಅಂತಾದರೆ ನೀವು ಹೋಗಬೇಡಿ. ಆ ಊರಿನ ಫೋಟೋಗ್ರಾಫರ್ ಹೆಸರು ಕೊಡಿ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆರೆಯನ್ನ 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯ್ತಲ್ಲ, ಅಲ್ಲಿಗೂ ಮುಂಚೆ ಎಷ್ಟೋ ವರ್ಷದಿಂದ ಪ್ರತಿ ವಾರ ಆ ಕೆಸರಲ್ಲಿ ನಿಂತು ಫೋಟೋ ತೆಗೀತಿದ್ದವರು ಕರಾವಳಿಯ ಹುಡುಗರೇ. ಯಾವ ಕೋಣದ ಜೋಡಿ ಯಾವ ಕರೆಯಲ್ಲಿ ಚೆನ್ನಾಗಿ ಓಡುತ್ತೆ, ನೀರು ಎಲ್ಲಿ ಹೆಚ್ಚು ಚಿಮ್ಮುತ್ತೆ, ಯಾವ ಓಟಗಾರ ಹೇಗೆ ಬಾಗ್ತಾನೆ, ಅವರಿಗೆ ಕಣ್ಣು ಮುಚ್ಚಿದ್ರೂ ಗೊತ್ತು.

ಬೆಂಗಳೂರಿಂದ ಒಬ್ಬರು ಬಸ್ ಚಾರ್ಜನ್ನ ಕೈಯಿಂದ ಹಾಕಿಕೊಂಡು ಸ್ಥಳೀಯರ ರೇಟಿಗೇ ಹೋದರೆ ಏನಾಗುತ್ತೆ? ಹೋದವರಿಗೆ ನಷ್ಟ. ಅಲ್ಲಿಯವರಿಗೆ ಕೆಲಸ ಇಲ್ಲ. ಆಯೋಜಕರಿಗೆ ಮಾತ್ರ "ಬೆಂಗಳೂರಿನವರೇ ಇಷ್ಟಕ್ಕೆ ಬರ್ತಾರೆ, ನಿಂದೇನು?" ಅಂತ ಕೇಳೋಕೆ ಒಂದು ಮಾತು ಸಿಕ್ಕಿತು. ಮುಂದಿನ ವರ್ಷ ಇಬ್ಬರ ರೇಟೂ ಬೀಳುತ್ತೆ.

ಪ್ರಯಾಣದ ಖರ್ಚು ಅನ್ನೋದು ಒಂದು ಬೇಲಿ ಇದ್ದ ಹಾಗೆ. ದೂರದವರನ್ನ ಕರೆಸೋಕೆ ಕಾರಣ ಇದ್ದಾಗ ಆಯೋಜಕರು ಆ ಬೇಲಿ ದಾಟೋಕೆ ದುಡ್ಡು ಕೊಡ್ತಾರೆ. ಕಾರಣ ಇಲ್ಲದಿದ್ದರೆ ಊರಿನವರಿಗೆ ಕೆಲಸ ಸಿಗುತ್ತೆ. ಬೇಲಿಯನ್ನ ನಾವೇ ಕಿತ್ತು ಹಾಕಿದರೆ ಎಲ್ಲರ ಹೊಲವೂ ಮೇಯಿಸಿದಂತೆ.

ಹಾಸನ, ದಾವಣಗೆರೆ, ಕಲಬುರಗಿಯಲ್ಲಿ ಚೆನ್ನಾಗಿ ಕೆಲಸ ಮಾಡೋರ ನಂಬರ್ ಇಟ್ಟುಕೊಳ್ಳಿ. ನೀವು ಅವರಿಗೆ ಒಂದು ಕೆಲಸ ಕಳಿಸಿದರೆ ಅವರು ಬೆಂಗಳೂರಿನ ಕೆಲಸ ನಿಮಗೆ ಕಳಿಸ್ತಾರೆ. ಇದು ಬರೀ ಒಳ್ಳೇತನ ಅಲ್ಲ, ವ್ಯಾಪಾರವೂ ಹೌದು.

7/10

ಈಗ ಅಸಲಿ ವಿಷಯ. "ದುಡ್ಡಿಲ್ಲ, ಆದ್ರೆ ಫೋಟೋ ಕ್ರೆಡಿಟ್ ಕೊಡ್ತೀವಿ. ನಿಮಗೂ ಹೆಸರಾಗುತ್ತೆ."

ಈ ಮಾತಿಗೆ ಯಾರು ಹೂಂ ಅನ್ನಬಹುದು? ಮನೆಯಲ್ಲಿ ಬೇರೆ ಆದಾಯ ಇರೋರು. ಅಪ್ಪ ಲೆನ್ಸ್ ಕೊಡಿಸಿರೋರು. ಕಾರು ಇರೋರು. ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ರೂಢಿ ಹಾಗೇ ಬೆಳೆದರೆ ಮೈದಾನದ ಗೆರೆ ಪಕ್ಕ ಉಳಿಯೋರು ಅವರು ಮಾತ್ರ. ಸೆಕೆಂಡ್ ಹ್ಯಾಂಡ್ ಕ್ಯಾಮರಾ ಕಂತಿನಲ್ಲಿ ತಗೊಂಡು, ಸ್ವತಃ ಕಬಡ್ಡಿ ಆಡಿ, ಆಟ ಅರ್ಥ ಮಾಡಿಕೊಂಡು ಫೋಟೋ ತೆಗೆಯೋಕೆ ಬಂದ ಹಳ್ಳಿ ಹುಡುಗ ಎರಡು ಸೀಸನ್ನಿಗೆ ಕ್ಯಾಮರಾ ಮಾರಿ ಹೋಗ್ತಾನೆ. ಆಟದ ಒಳಗಿಂದ ಬಂದ ಕಣ್ಣು ಒಂದು ಹೋಯ್ತು ಅಂತಲೇ ಲೆಕ್ಕ.

ಹೆಣ್ಣುಮಕ್ಕಳ ವಿಷಯ ಇನ್ನೂ ನೇರ. "ಹುಡುಗರ ಜೊತೆ ಹಾಲಲ್ಲಿ ಮಲಗ್ತೀರಾ? ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಯಾವ ಹುಡುಗಿಗೂ ಹೇಳೋ ಹಾಗಿಲ್ಲ. ಅದನ್ನ ತಪ್ಪಿಸೋಕೆ ಏನು ಮಾಡ್ತಾರೆ? ಅವಳಿಗೆ ರೂಮು ಕೊಡಲ್ಲ, ಕೆಲಸವನ್ನೇ ಕೊಡಲ್ಲ. ರಾತ್ರಿ ಹನ್ನೊಂದಕ್ಕೆ ಫೈನಲ್ ಮುಗಿದ ಮೇಲೆ ಲಾಡ್ಜಿಗೆ ಹೋಗೋಕೆ ಗಾಡಿ, ಒಳಗಿಂದ ಚಿಲಕ ಇರೋ ರೂಮು, ಇವು ಸೌಕರ್ಯ ಅಲ್ಲ, ಕೆಲಸದ ಸಾಮಾನು. ಲೆನ್ಸ್ ಹಾಗೆಯೇ. ಗಂಡಸರು ಕೂಡ ಕೊಟೇಶನ್ನಿನಲ್ಲಿ ರೂಮು, ರಾತ್ರಿ ಗಾಡಿ ಬರೆದೇ ಬರೀಬೇಕು. ಎಲ್ಲರೂ ಬರೆದಾಗ ಅದು ಮಾಮೂಲಿ ಆಗುತ್ತೆ. ಅವಳೊಬ್ಬಳೇ ಬರೆದರೆ "ಇವಳದ್ದು ಜಾಸ್ತಿ ರಗಳೆ" ಅಂತಾರೆ.

ಹಾಗಂತ ಯಾವತ್ತೂ ಬಿಟ್ಟಿ ಮಾಡಬಾರದಾ? ಮಾಡಿ. ಸರ್ಕಾರಿ ಶಾಲೆ ಮಕ್ಕಳ ಕ್ರೀಡಾಕೂಟ, ಅಂಧರ ಕ್ರಿಕೆಟ್ಟು, ನಿಮ್ಮೂರ ಖೋ ಖೋ ತಂಡ. ಮನಸಾರೆ ಮಾಡಿ. ಆದರೆ ಬಿಲ್ ಬರೆದು ಮಾಡಿ: "ಕೂಲಿ 8,000. ರಿಯಾಯಿತಿ 8,000. ಕೊಡಬೇಕಾದದ್ದು 0." ಕೊಟ್ಟದ್ದು ಏನು ಅಂತ ಅವರಿಗೂ ಗೊತ್ತಿರಲಿ. ಬೆಲೆ ಬರೆಯದ ದಾನಕ್ಕೆ ಮುಂದಿನ ಸಲ ಬೆಲೆ ಕಟ್ಟೋದು ಕಷ್ಟ.

8/10

ಇದನ್ನ ಸೇವ್ ಮಾಡಿಟ್ಟುಕೊಳ್ಳಿ. ಫೋಟೋದ ಹಕ್ಕು.

"ನಾನು ಕ್ಲಿಕ್ಕಿಸಿದ್ದು, ನನ್ನದೇ" ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ. ಸಾಮಾನ್ಯವಾಗಿ ತೆಗೆದವರೇ ಮೊದಲ ಮಾಲೀಕರು, ನಿಜ. ಆದರೆ ಯಾರಾದರೂ ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೋ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ತೆಗೆಸಿದವರೇ ಮೊದಲ ಮಾಲೀಕರು.

"ಬೇರೆ ಒಪ್ಪಂದ ಇಲ್ಲದಿದ್ದಾಗ." ಈ ಮೂರು ಪದದ ಮೇಲೆ ನಿಮ್ಮ ಇಡೀ ಆರ್ಕೈವ್ ನಿಂತಿದೆ. ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿ ಕೆಲಸ ಒಪ್ಪಿಕೊಂಡರೆ ಒಪ್ಪಂದದಲ್ಲಿ ಹಕ್ಕಿನ ಮಾತೇ ಬಂದಿರಲ್ಲ. ನೀವು ಹುಬ್ಬಳ್ಳಿಗೆ ಹೋಗಿ, ಐದು ದಿನ ಕೊಟ್ಟು ತೆಗೆದ ರೈಡರ್ ಫೋಟೋ ನಾಳೆ ಹೆದ್ದಾರಿ ಪಕ್ಕ ನಲವತ್ತಡಿ ಹೋರ್ಡಿಂಗ್ ಆದರೂ ಕೇಳೋಕೆ ಕೈಯಲ್ಲಿ ಕಾಗದ ಇಲ್ಲ.

ಒಂದೇ ಸಾಲು ಸಾಕು: "ಕಾಪಿರೈಟ್ ಫೋಟೋಗ್ರಾಫರ್ ಬಳಿ ಇರುತ್ತದೆ. ಆಯೋಜಕರು ತಮ್ಮ ಸೋಷಿಯಲ್ ಮೀಡಿಯಾ, ವೆಬ್‌ಸೈಟ್, ಪತ್ರಿಕಾ ಪ್ರಕಟಣೆಗೆ ಬಳಸಬಹುದು. ಪ್ರಾಯೋಜಕರ ಜಾಹೀರಾತಿಗೆ ಪ್ರತ್ಯೇಕ ಶುಲ್ಕ."

ಇದರಲ್ಲಿ ಚೌಕಾಸಿಗೂ ಜಾಗ ಇದೆ. ಬಜೆಟ್ ಕಮ್ಮಿ ಅಂದರೆ ಕೂಲಿ ಇಳಿಸಬೇಡಿ, ಹಕ್ಕು ಇಳಿಸಿ. ಒಂದು ವರ್ಷದ ಬದಲು ಮೂರು ತಿಂಗಳು. ನೂರೈವತ್ತು ಫೋಟೋ ಬದಲು ಐವತ್ತು. ಎರಡು ದಿನದ ಬದಲು ಫೈನಲ್ ದಿನ ಮಾತ್ರ. ಕೆಲಸ ಚಿಕ್ಕದಾಗಲಿ, ಬೆಲೆ ಚಿಕ್ಕದಾಗೋದು ಬೇಡ. ಬಸ್ಸಿನವರು ಅರ್ಧ ದುಡ್ಡಿಗೆ ಹುಬ್ಬಳ್ಳಿ ತನಕ ಬಿಡಲ್ಲ, ದಾರಿಯಲ್ಲೇ ಇಳಿಸ್ತಾರೆ.

9/10

ದುಡ್ಡು ಕೈಗೆ ಬರೋ ದಾರಿ. ಕ್ರಮವಾಗಿ ಹೇಳ್ತೀನಿ.

ಒಂದು: ಪ್ರಯಾಣ, ರೂಮು, ಲೆನ್ಸ್ ಬಾಡಿಗೆಯ ದುಡ್ಡು ಪೂರ್ತಿ ಮುಂಗಡ. ಆ ದುಡ್ಡು ಬಂದ ಮೇಲೆ ಟಿಕೆಟ್ ಬುಕ್. ಬಡ್ಡಿ ಇಲ್ಲದ ಸಾಲ ಕೊಡೋಕೆ ನಾವು ಸಹಕಾರಿ ಸಂಘ ಅಲ್ಲ. ಕೂಲಿಯಲ್ಲಿ ಅರ್ಧ ಕೆಲಸದ ಮುಂಚೆ, ಉಳಿದರ್ಧ ಪೂರ್ತಿ ಫೋಟೋ ಕಳಿಸೋ ಮುಂಚೆ.

ಎರಡು: ರದ್ದಾದರೆ ಏನು ಅಂತ ಮೊದಲೇ ಬರೀರಿ. ಮಳೆ ಬರುತ್ತೆ, ಅನುಮತಿ ಸಿಗಲ್ಲ, ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚುತ್ತೆ. 48 ಗಂಟೆ ಒಳಗೆ ರದ್ದಾದರೆ ಅರ್ಧ ಕೂಲಿ, ಖರ್ಚಾದದ್ದು ಪೂರ್ತಿ. ನೀವು ಹೊರಟ ಮೇಲೆ ರದ್ದಾದರೆ ಪೂರ್ತಿ ಕೂಲಿ. ಮುಂದೂಡಿದರೆ ಹೊಸ ಟಿಕೆಟ್ ಅವರದ್ದು.

ಮೂರು: ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರದ ಪೋರ್ಟಲಿನಲ್ಲಿ ಉಚಿತ, ಮಧ್ಯವರ್ತಿಗೆ ದುಡ್ಡು ಕೊಡೋ ಅಗತ್ಯ ಇಲ್ಲ. ಕೆಲಸ ಒಪ್ಪಿಕೊಳ್ಳೋ ಮುಂಚೆಯೇ ಆಗಿರಲಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ದುಡ್ಡು ಕೊಡೋಕೆ 45 ದಿನಕ್ಕಿಂತ ಹೆಚ್ಚು ಎಳೆಯೋ ಹಾಗಿಲ್ಲ. ಎಳೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಬರೆದು ಈ ನಿಯಮ ಒಂದು ಸಾಲು ಹಾಕಿ. ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಆ ಸಾಲು ಚೆನ್ನಾಗಿ ಓದೋಕೆ ಬರುತ್ತೆ.

ನಾಲ್ಕು: ಕೂಲಿ ಬಿಲ್ಲು ಬೇರೆ, ಖರ್ಚಿನ ಬಿಲ್ಲು ಬೇರೆ. ಎರಡನ್ನೂ ಸೇರಿಸಿ ಬರೆದರೆ ಬಸ್ ಚಾರ್ಜಿನ ಮೇಲೂ ಟಿಡಿಎಸ್ ಹಿಡೀತಾರೆ. ಹಿಡಿದದ್ದು ನಿಮ್ಮ ಪ್ಯಾನ್ ಖಾತೆಗೆ ಬಂದಿದೆಯಾ ನೋಡಿ, ರಿಟರ್ನ್ ಹಾಕಿ, ಜಾಸ್ತಿ ಹಿಡಿದಿದ್ದರೆ ವಾಪಸ್ ಬರುತ್ತೆ. ಕರ್ನಾಟಕದಲ್ಲಿ ಸೇವೆ ಕೊಡೋರಿಗೆ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಇಲ್ಲೂ "ಎಲ್ಲಾ ಸೇರಿ" ನಿಮ್ಮ ಶತ್ರು: ಖರ್ಚೆಲ್ಲ ಕೂಲಿಯ ಜೊತೆ ಸೇರಿ ವಹಿವಾಟು ಇಲ್ಲದಷ್ಟು ಉಬ್ಬುತ್ತೆ. ದೊಡ್ಡ ಮೊತ್ತ ಆದಾಗ ಒಬ್ಬ ಆಡಿಟರನ್ನ ಒಮ್ಮೆ ಕೇಳಿ.

10/10

ಕಾಪಿ ಮಾಡ್ಕೊಳ್ಳಿ. ಅಂಕಿ ನಿಮ್ಮದು ಹಾಕಿ:

"ನಮಸ್ಕಾರ ಸರ್. ಕರೆದಿದ್ದಕ್ಕೆ ಧನ್ಯವಾದ. ಹುಬ್ಬಳ್ಳಿ ಟೂರ್ನಮೆಂಟಿಗೆ ವಿವರ ಹೀಗಿದೆ.
ಪಂದ್ಯದ ದಿನ 2, ದಿನಕ್ಕೆ 8,000: 16,000 (ದಿನಕ್ಕೆ 10 ಗಂಟೆ, ಎಡಿಟಿಂಗ್ ಸೇರಿ)
ಪ್ರಯಾಣದ ದಿನ 2, ದಿನಕ್ಕೆ 4,000: 8,000
ಲೆನ್ಸ್ ಬಾಡಿಗೆ: 4,800
ಟಿಕೆಟ್, ರೂಮು ಬಿಲ್ ಪ್ರಕಾರ, ಊಟ ಓಡಾಟ ನಿಗದಿ: ಅಂದಾಜು 6,800
ಒಟ್ಟು ಅಂದಾಜು: 35,600
ಪ್ರತಿ ಸಂಜೆ 30 ಫೋಟೋ, ಐದು ದಿನದಲ್ಲಿ 150 ಫೋಟೋ. ಟಿಕೆಟ್, ರೂಮು ನೀವೇ ಬುಕ್ ಮಾಡಿಕೊಟ್ಟರೆ ಆ ಮೊತ್ತ ಕಳೆಯಬಹುದು. ಬಳಕೆಯ ಹಕ್ಕು, ರದ್ದತಿ ನಿಯಮ ಜೊತೆಗಿದೆ."

20,000 ಎಲ್ಲಿ, 35,600 ಎಲ್ಲಿ ಅಂತ ಗಾಬರಿ ಆಗಬೇಡಿ. ಇದರಲ್ಲಿ ನಿಮ್ಮದು 24,000. ಐದು ದಿನಕ್ಕೆ ದಿನಕ್ಕೆ 4,800. ಯಾರೂ ಬಂಗಲೆ ಕಟ್ಟೋ ಮೊತ್ತ ಅಲ್ಲ ಇದು. ಮುಂದಿನ ಸೀಸನ್ನಿಗೂ ಕ್ಯಾಮರಾ ಹಿಡಿದು ಬರೋ ಮೊತ್ತ.

ಕೆಲವರು ಓದಿ ಉತ್ತರವನ್ನೇ ಕೊಡಲ್ಲ. ಕೊಡದೇ ಹೋಗಲಿ. ಆ ವಾರಾಂತ್ಯ ನಿಮ್ಮ ಹತ್ತಿರವೇ ಉಳಿಯಿತು. ಊರಲ್ಲೇ ಒಂದು ಲೀಗ್ ಪಂದ್ಯ ಸಿಕ್ಕರೆ ಹೋಗಿ, ಸಿಗದಿದ್ದರೆ ಹಳೆ ಫೋಟೋ ಜೋಡಿಸಿ, ಮನೆಯವರ ಜೊತೆ ಕೂತು ಉಣ್ಣಿ. ನಷ್ಟದ ಕೆಲಸಕ್ಕಿಂತ ಖಾಲಿ ದಿನ ಮೇಲು.

ಆಯೋಜಕರೂ ಓದ್ತಿದ್ದರೆ ನಿಮಗೊಂದು ಮಾತು. ಕಪ್ಪು, ಮೆಡಲ್ಲು ಗೆದ್ದವರ ಮನೆ ಶೋಕೇಸಿಗೆ ಹೋಗುತ್ತೆ. ಶಾಮಿಯಾನ ಸೋಮವಾರ ಬಿಚ್ಚುತ್ತಾರೆ. ಮುಂದಿನ ವರ್ಷ ಪ್ರಾಯೋಜಕರ ಮುಂದೆ ಇಡೋಕೆ ನಿಮ್ಮ ಕೈಯಲ್ಲಿ ಉಳಿಯೋದು ಫೋಟೋ ಒಂದೇ. ಬಜೆಟ್ ಹಾಕುವಾಗ ಕೊನೆಯ ಸಾಲಿನಲ್ಲಿ "ಇತರೆ" ಅಂತ ಬರೀತೀರಲ್ಲ, ಅಲ್ಲಿಂದ ನಮ್ಮನ್ನ ತೆಗೆದು ಮೇಲೆ ಒಂದು ಸಾಲು ಕೊಡಿ.

ಫೋಟೋಗ್ರಾಫರ್ ಗೆಳೆಯರೇ, ನಿಮ್ಮ ಊರಲ್ಲಿ ಪ್ರಯಾಣದ ದಿನಕ್ಕೆ ಏನು ತಗೋತೀರಿ, ಕಾಮೆಂಟಲ್ಲಿ ಬರೀರಿ. ಆಯೋಜಕರ ಹೆಸರು ಬೇಡ, ಅಂಕಿ ಸಾಕು. ರೇಟ್ ಗುಟ್ಟಾಗಿ ಇಟ್ಟಷ್ಟೂ ಲಾಭ ಆಗೋದು ನಮಗಲ್ಲ.

#ಕ್ರೀಡಾಫೋಟೋಗ್ರಫಿ #ಪ್ರಯಾಣದದಿನವೂಕೆಲಸದದಿನ #ಕಬಡ್ಡಿ #ಕಂಬಳ #ಕೊಡವಹಾಕಿ #ಕನ್ನಡಫೋಟೋಗ್ರಾಫರ್ಸ್